ಅರಮನೆಯ ನೆರಳಲ್ಲಿ ಕಟಕಟೆ: ಕೊಲ್ಹಾಪುರ ಸೀಮೆಯ ಕೋರ್ಟು ಕಟ್ಟಡಗಳ ಕಥೆ

2025ರ ಆಗಸ್ಟ್ 17, ಭಾನುವಾರ. ಆಗಿನ ಭಾರತದ ಮುಖ್ಯ ನ್ಯಾಯಮೂರ್ತಿ ಭೂಷಣ್ ಗವಾಯಿ ಕೊಲ್ಹಾಪುರಕ್ಕೆ ಬಂದು ಬಾಂಬೆ ಹೈಕೋರ್ಟಿನ ಸಂಚಾರಿ ಪೀಠವನ್ನು ಉದ್ಘಾಟಿಸಿದರು. ಮರುದಿನ ಸೋಮವಾರವೇ ಕಲಾಪ ಶುರು. ನಾಲ್ಕು ದಶಕಗಳ ಬೇಡಿಕೆ ಈಡೇರಿದ ಖುಷಿಯಲ್ಲಿ ಊರಿನ ವಕೀಲರು ಕುಣಿದಾಡಿದ್ದರಲ್ಲಿ ಆಶ್ಚರ್ಯವಿಲ್ಲ. ಪೀಠದ ಅಧಿಸೂಚನೆ ಹೊರಟಿದ್ದು ಆಗಸ್ಟ್ 1ಕ್ಕೆ. ಎರಡು ವಾರದಲ್ಲಿ ಹೈಕೋರ್ಟಿಗೆ ಹೊಸ ಕಟ್ಟಡ ಎಲ್ಲಿಂದ ಬರಬೇಕು? ಹಾಗಾಗಿ ಭಾವುಸಿಂಗಜಿ ರಸ್ತೆಯಲ್ಲಿ, ಸಿಪಿಆರ್ ಆಸ್ಪತ್ರೆಯ ಎದುರಿಗಿರುವ ರಾಧಾಬಾಯಿ ಬಿಲ್ಡಿಂಗ್ ಎಂಬ ಹಳೆಯ ಕಲ್ಲುಕಟ್ಟಡವನ್ನೇ ತೊಳೆದು, ಬಳಿದು, ಕುರ್ಚಿ ಹಾಕಿ ಸಜ್ಜು ಮಾಡಲಾಯಿತು. ಜಿಲ್ಲಾ ನ್ಯಾಯಾಲಯ ದಶಕಗಟ್ಟಲೆ ನಡೆದದ್ದು ಇದೇ ಕಟ್ಟಡದಲ್ಲಿ. 2016ರಲ್ಲಿ ಕಸಬಾ ಬಾವಡಾದ ಹೊಸ ನ್ಯಾಯಸಂಕುಲಕ್ಕೆ ಕೋರ್ಟು ಹೊರಟುಹೋದ ಮೇಲೆ ಇಲ್ಲಿನ ಗದ್ದಲ ಅಡಗಿತ್ತು. ಒಂಬತ್ತು ವರ್ಷದ ಬಳಿಕ ಕರಿಕೋಟುಗಳು ಅದೇ ಮೆಟ್ಟಿಲು ಹತ್ತಿದವು, ಈ ಸಲ ಒಂದು ದರ್ಜೆ ಮೇಲಿನ ಕೋರ್ಟಾಗಿ.

ಈ ಏರ್ಪಾಟು ತುರ್ತಿನದು, ನಿಜ. ಆದರೆ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಇನ್ನೂರು ವರ್ಷದ ಚರಿತ್ರೆ ಬಲ್ಲವರಿಗೆ ಇದರಲ್ಲಿ ಹೊಸದೇನೂ ಕಾಣದು. ಈ ಸೀಮೆಯಲ್ಲಿ ನ್ಯಾಯ ತನ್ನದೇ ಸೂರಿನಡಿ ಕೂತದ್ದು ಕಡಿಮೆ. ಅರಮನೆಯ ಪಡಸಾಲೆ, ಮಾಮಲೇದಾರನ ಕಚೇರಿ, ಜಹಗೀರದಾರನ ವಾಡೆ ಹೀಗೆ ಅಧಿಕಾರ ಎಲ್ಲಿತ್ತೋ ಅಲ್ಲೇ ಒಂದು ಮೂಲೆಯಲ್ಲಿ ಕಟಕಟೆ ನಿಂತಿತು. ಇಲ್ಲಿನ ಕೋರ್ಟು ಕಟ್ಟಡಗಳನ್ನು ಅಳೆಯುವಾಗ ಕಮಾನು, ಗೋಪುರಗಳಷ್ಟೇ ಅಲ್ಲ, ಕಕ್ಷಿದಾರನ ಮನೆಯಿಂದ ಅವು ಎಷ್ಟು ದೂರ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕನ್ನಡ ಓದುಗರಿಗೆ ಇದು ಪರವೂರಿನ ಕಥೆಯಲ್ಲ. ಹನ್ನೆರಡನೆಯ ಶತಮಾನದಲ್ಲಿ ಶಿಲಾಹಾರ ಗಂಡರಾದಿತ್ಯ ಆಳುತ್ತಿದ್ದ ಕೊಲ್ಹಾಪುರದಲ್ಲಿ ದಾನದ, ಸುಂಕದ ಕಟ್ಟಳೆಗಳನ್ನು ಕಲ್ಲಿಗೆ ಹಾಕಿಸಿದ್ದು ಕನ್ನಡದಲ್ಲೂ ಹೌದು. ಬ್ರಿಟಿಷರ ಕಾಲದಲ್ಲಿ ‘ಕೊಲ್ಹಾಪುರ ಮತ್ತು ದಕ್ಷಿಣ ಮರಾಠಾ ದೇಶ’ದ ಪೊಲಿಟಿಕಲ್ ಏಜೆಂಟ್ ಕೂರುತ್ತಿದ್ದುದು ಇದೇ ಊರಲ್ಲಿ. ಜಮಖಂಡಿ, ಮುಧೋಳ, ರಾಮದುರ್ಗದ ಸಂಸ್ಥಾನಿಕರೂ ಅವನ ಉಸ್ತುವಾರಿಗೇ ಒಳಪಟ್ಟಿದ್ದರು. ರಾಯಬಾಗ ಮತ್ತು ಕಟಕೋಳ ನೇರವಾಗಿ ಕೊಲ್ಹಾಪುರ ಸಂಸ್ಥಾನದ ಮುಲುಕು. ತೊರಗಲ್ಲು ಅದರ ಜಹಗೀರಿ. ಇಂದಿನ ಬೆಳಗಾವಿ ಜಿಲ್ಲೆಯ ಈ ಊರುಗಳ ರೈತ ಹೊಲದ ತಂಟೆಗೆ ಮೇಲಿನ ತೀರ್ಪು ಬೇಕೆಂದರೆ 1949ರವರೆಗೂ ಕೊಲ್ಹಾಪುರದ ದಾರಿಯನ್ನೇ ಹಿಡಿಯಬೇಕಿತ್ತು.

ಕಟ್ಟಡಕ್ಕೂ ಮೊದಲು ಸಭೆ ಇತ್ತು. ಮರಾಠರ ಆಳ್ವಿಕೆಯಲ್ಲಿ ವತನದ ಜಗಳ, ಗಡಿಯ ಜಗಳ, ಗೌಡಿಕೆಯ ಜಗಳಗಳನ್ನು ಗೋತಸಭೆ ಕೂಡಿ ಕೇಳುತ್ತಿತ್ತು. ಪಾಟೀಲ, ಕುಲಕರ್ಣಿ, ದೇಶಮುಖ, ಊರ ಬಲುತೇದಾರರು ಸೇರಿ ಸಾಕ್ಷಿ ಕೇಳಿ ಮಹಜರು ಬರೆದು, ತಮ್ಮ ತಮ್ಮ ಕಸುಬಿನ ಗುರುತು ಹಾಕುತ್ತಿದ್ದರು. ಸಾಕ್ಷಿ ಸಾಲದೆ ಹೋದರೆ ದಿವ್ಯ: ಕಾದ ಎಣ್ಣೆಯಲ್ಲಿ ಕೈಯದ್ದಿ ಲೋಹದ ತುಂಡು ಎತ್ತುವುದು, ನದಿಯ ನೀರಿನಲ್ಲಿ ನಿಂತು ಆಣೆ ಮಾಡುವುದು. ಇದಕ್ಕೆ ಗುಡಿಯ ಪ್ರಾಂಗಣ, ಹೊಳೆಯ ದಂಡೆ, ಚಾವಡಿಯ ಕಟ್ಟೆ ಸಾಕಿತ್ತು. ಆ ವ್ಯವಸ್ಥೆ ಸತ್ಯಯುಗದ್ದೆಂದು ಹೊಗಳುವವರಿದ್ದಾರೆ. ಸಭೆಯಲ್ಲಿ ಯಾರಿಗೆ ಬಾಯಿ ಇತ್ತು, ಯಾರು ಕಟ್ಟೆಯ ಕೆಳಗೆ ನಿಲ್ಲಬೇಕಿತ್ತು ಎಂಬುದನ್ನು ಮರೆತರೆ ಮಾತ್ರ ಆ ಹೊಗಳಿಕೆ ನಿಲ್ಲುತ್ತದೆ.

ಕಚೇರಿ ಎಂಬ ಕಟ್ಟಡ ಈ ಸೀಮೆಯ ಜನರ ಬದುಕಿಗೆ ಹೇಗೆ ನುಗ್ಗಿತು ಎಂಬುದಕ್ಕೆ ಗಡಹಿಂಗ್ಲಜಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. ಊರಿನ ಸಮೀಪದ ಗುಡ್ಡದ ಮೇಲೆ ಸಾಮಾನಗಡ ಕೋಟೆಯಿದೆ. ಅಲ್ಲಿನ ಗಡಕರಿಗಳು, ಅಂದರೆ ವಂಶಪಾರಂಪರ್ಯವಾಗಿ ಕೋಟೆ ಕಾಯುವ ಮನೆತನದವರು, ತಮ್ಮ ಸೇವೆಗೆ ಸಿಕ್ಕ ಇನಾಮು ಜಮೀನನ್ನು ತಾವೇ ನೋಡಿಕೊಳ್ಳುತ್ತಿದ್ದರು. ಜಮೀನಿನ ಲೆಕ್ಕ, ತಂಟೆ, ತೀರ್ಮಾನ ಎಲ್ಲ ಕೋಟೆಯೊಳಗೇ. 1838ರಲ್ಲಿ ಕೊಲ್ಹಾಪುರದ ಶಹಾಜಿ ಮಹಾರಾಜರು ತೀರಿಕೊಂಡ ಮೇಲೆ ಗಾದಿಗೆ ಬಂದವರು ಇನ್ನೂ ಬಾಲಕ. ಬ್ರಿಟಿಷರು ದಾಜಿ ಕೃಷ್ಣ ಪಂಡಿತನನ್ನು ಕಾರಭಾರಿಯಾಗಿ ಕೂರಿಸಿದರು. ಕಂದಾಯ ಸುಧಾರಣೆಯ ಹೆಸರಲ್ಲಿ ಅವನು ಗಡಕರಿಗಳ ಜಮೀನಿನ ಆಡಳಿತವನ್ನು ಕೋಟೆಯಿಂದ ಕಿತ್ತು ಮಾಮಲೇದಾರರ, ಅಂದರೆ ತಾಲ್ಲೂಕಿನ ಕಂದಾಯ ಅಧಿಕಾರಿಗಳ, ಕೈಗೆ ಕೊಟ್ಟ.

ಕಾಗದದ ಮೇಲೆ ಇದು ಸಣ್ಣ ಬದಲಾವಣೆ. ಗುಡ್ಡದ ಮೇಲಿದ್ದವರಿಗೆ ಮಾತ್ರ ನಿನ್ನೆಯವರೆಗೆ ತಮ್ಮ ಮನೆಯ ಮಾತಾಗಿದ್ದದ್ದು ಇಂದು ಕೆಳಗಿನ ಕಚೇರಿಯ ಅರ್ಜಿಯಾಯಿತು. 1844ರ ಜುಲೈನಲ್ಲಿ ಸಾಮಾನಗಡದವರು ಕೋಟೆಯ ಬಾಗಿಲು ಹಾಕಿಕೊಂಡರು. ಭೂದರಗಡ ಜೊತೆಗೂಡಿತು, ಬೆಂಕಿ ಕೊಲ್ಹಾಪುರ ನಗರಕ್ಕೂ ಹಬ್ಬಿತು, ಸಾವಂತವಾಡಿ ಹೊತ್ತಿಕೊಂಡಿತು. ಬೆಳಗಾವಿಯಿಂದ ಬಂದ ಪಡೆ ಅಕ್ಟೋಬರ್ 13ರಂದು ಸಾಮಾನಗಡವನ್ನು ಹೊಡೆದು ಹಿಡಿಯಿತು. ಡಿಸೆಂಬರ್ ಮೊದಲಿಗೆ ಪನ್ಹಾಳಗಡವೂ ಬಿತ್ತು. ಆಮೇಲೆ ಕೋಟೆಗಳ ರಕ್ಷಣಾಗೋಡೆಗಳನ್ನು ಕೆಡವಿಸಲಾಯಿತು, ಸಂಸ್ಥಾನಕ್ಕೆ ಪೊಲಿಟಿಕಲ್ ಸುಪರಿಂಟೆಂಡೆಂಟ್ ಬಂದು ಕೂತ. ಗಡಕರಿ ದಂಗೆಯನ್ನು ಇತಿಹಾಸದ ಪುಸ್ತಕಗಳು ಸ್ವಾತಂತ್ರ್ಯ ಸಮರದ ಮುನ್ನುಡಿಯಾಗಿ ಹೇಳುವುದುಂಟು. ಹಾಗೆ ಹೇಳಲಡ್ಡಿಯಿಲ್ಲ. ಆದರೆ ಅದರ ಬೇರಿನಲ್ಲಿದ್ದದ್ದು, ನಮ್ಮ ನೆಲದ ನ್ಯಾಯ ಯಾರ ಕಚೇರಿಯಲ್ಲಿ ಆಗಬೇಕು ಎಂಬ ಜಗಳ. ಕೋಟೆ ಸೋತು ಕಚೇರಿ ಗೆದ್ದಿತು. ಗಡಹಿಂಗ್ಲಜ ತಾಲ್ಲೂಕು ಕೇಂದ್ರವಾಗಿ ಬೆಳೆದಿರುವ ಹೊತ್ತಿಗೆ ಸಾಮಾನಗಡ ಚಾರಣಿಗರ ಜಾಗವಾಗಿದೆ.

ಆ ಕಾಲದ ಮಾಮಲೇದಾರ ಕಚೇರಿಯ ನಕಾಶೆ ಬಾಂಬೆ ಪ್ರಾಂತ್ಯ ಮತ್ತು ಅದರ ಸುತ್ತಲಿನ ಸಂಸ್ಥಾನಗಳಲ್ಲಿ ಹೆಚ್ಚುಕಡಿಮೆ ಒಂದೇ. ಎತ್ತರದ ಕಲ್ಲಿನ ಜಗಲಿ, ಮುಂದೆ ಮರದ ಕಂಬಗಳ ಪಡಸಾಲೆ, ಹಿಂದೆ ಖಜಾನೆ, ಬದಿಯಲ್ಲಿ ಲಾಕಪ್ಪು, ಮೇಲೆ ಹೆಂಚು. ಕಂದಾಯ ಕಟ್ಟುವವನೂ ಕಳ್ಳತನದ ಫಿರ್ಯಾದಿಯೂ ಅದೇ ಬಾಗಿಲಿಂದ ಒಳಗೆ ಬರಬೇಕು. ಏಕೆಂದರೆ ತೆರಿಗೆ ವಸೂಲು ಮಾಡುವ ಅಧಿಕಾರಿಯೇ ಮ್ಯಾಜಿಸ್ಟ್ರೇಟ್ ಕೂಡ. ಇವೆರಡನ್ನೂ ಬೇರ್ಪಡಿಸುವ ಕಾಯಿದೆ ಬಾಂಬೆ ರಾಜ್ಯದಲ್ಲಿ ಬಂದದ್ದು 1951ರಲ್ಲಿ. ಹಾಗಿದ್ದರೂ ಹಳೆಯ ಕಚೇರಿಯ ನ್ಯಾಯದಾನ ಪೂರ್ತಿ ಮುಗಿದಿಲ್ಲ. 1906ರ ಮಾಮಲೇದಾರರ ನ್ಯಾಯಾಲಯಗಳ ಕಾಯಿದೆಯಡಿ ಮಹಾರಾಷ್ಟ್ರದ ತಹಶೀಲ್ದಾರ ಇಂದಿಗೂ ಹೊಲದ ದಾರಿ ಕಟ್ಟಿದವನ, ನೀರಿನ ಕಾಲುವೆಗೆ ಅಡ್ಡ ಹಾಕಿದವನ ವಿಚಾರಣೆ ನಡೆಸುತ್ತಾನೆ. ಕಬ್ಬಿನ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಟ್ರ್ಯಾಕ್ಟರು ಹೋಗಲು ದಾರಿ ಇಲ್ಲದ ಕಬ್ಬು ಗಾಣಕ್ಕೂ ಇಲ್ಲ, ಕಾರ್ಖಾನೆಗೂ ಇಲ್ಲ.

ಕೊಲ್ಹಾಪುರ ನಗರದ ಮಾತು ಬೇರೆ. ಅಲ್ಲಿ ಹಣವಿತ್ತು, ಹಟವಿತ್ತು, ಜೊತೆಗೆ ಒಬ್ಬ ಎಂಜಿನಿಯರನೂ ಸಿಕ್ಕ.

ಮೇಜರ್ ಚಾರ್ಲ್ಸ್ ಮ್ಯಾಂಟ್ ರಾಯಲ್ ಎಂಜಿನಿಯರ್ಸ್ ಪಡೆಯವನು. ಬಡೋದೆಯ ಲಕ್ಷ್ಮೀವಿಲಾಸ ಅರಮನೆ, ಅಜ್ಮೀರದ ಮೇಯೋ ಕಾಲೇಜುಗಳ ನಕಾಶೆ ಬರೆದವನು. ಕೊಲ್ಹಾಪುರದಲ್ಲಿ ಅವನ ಕೈ ಟೌನ್ ಹಾಲ್, ಆಸ್ಪತ್ರೆ, ಹೊಸ ಅರಮನೆಗಳಲ್ಲಿ ಆಡಿದೆ. ಟೌನ್ ಹಾಲ್ ಕಟ್ಟಿದ್ದು 1872ರಿಂದ 76ರ ನಡುವೆ. ಅದೇ ಹೊತ್ತಿಗೆ ಮುಂಬೈಯಲ್ಲಿ ಕರ್ನಲ್ ಫುಲ್ಲರ್ ಹೈಕೋರ್ಟಿನ ಕಟ್ಟಡ ಎಬ್ಬಿಸುತ್ತಿದ್ದ. 1871ರಲ್ಲಿ ಆರಂಭವಾದ ಆ ಕೆಲಸ ಮುಗಿದದ್ದು 1878ರಲ್ಲಿ. ಎರಡೂ ಗಾಥಿಕ್ ಶೈಲಿಯವೇ. ಸಮುದ್ರದಂಡೆಯ ರಾಜಧಾನಿಯ ಮೊನಚು ಕಮಾನು ಘಟ್ಟ ಹತ್ತಿ ಬಂದು, ಇಲ್ಲಿನ ಕರಿಯ ಬಸಾಲ್ಟ್ ಕಲ್ಲಿನಲ್ಲಿ ಮೈತಳೆಯಿತು.

ಟೌನ್ ಹಾಲಿನ ಮುಂದೆ ನಿಂತು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಅದರ ಎರಡು ಗೋಪುರಗಳು ಮತ್ತು ಅವುಗಳ ಮೇಲಿನ ಚೂಪಾದ ತಗಡಿನ ಮಾಡು. ಆ ಮಾಡು ಹಿಮ ಬೀಳುವ ದೇಶದ್ದು, ಹಿಮ ಜಾರಲೆಂದು ಮಾಡಿದ್ದು. ಆದರೆ ಪಂಚಗಂಗೆಯ ದಂಡೆಯ ಜಡಿಮಳೆಗೂ ಅದು ಚೆನ್ನಾಗಿಯೇ ಒಗ್ಗಿದೆ. ಒಳಗೆ ಎತ್ತರದ ದೊಡ್ಡ ಹಾಲ್, ಸುತ್ತ ಮೇಲ್ಗಡೆ ಗ್ಯಾಲರಿ. ಸಭೆ ಸೇರಲೆಂದು ಕಟ್ಟಿದ ಈ ಹಾಲ್ ಈಗ ವಸ್ತುಸಂಗ್ರಹಾಲಯ. 1940ರ ದಶಕದಲ್ಲಿ ಬ್ರಹ್ಮಪುರಿ ಗುಡ್ಡದಲ್ಲಿ ದೊರೆತ ಶಾತವಾಹನರ ಕಾಲದ ವಸ್ತುಗಳು, ಅವುಗಳ ಜೊತೆ ಬಂದ ಗ್ರೀಕರ ಕಡಲದೇವತೆ ಪೊಸೈಡಾನನ ಪುಟ್ಟ ಕಂಚಿನ ಮೂರ್ತಿ ಇಲ್ಲಿಯ ಹೆಮ್ಮೆ. ರೋಮಿನ ವ್ಯಾಪಾರ ಕೊಲ್ಹಾಪುರದವರೆಗೆ ಹಬ್ಬಿತ್ತೆಂದು ತೋರಿಸುವ ಮೂರ್ತಿಯೊಂದು ವಿಕ್ಟೋರಿಯಾ ಕಾಲದ ಇಂಗ್ಲಿಷ್ ಕಟ್ಟಡದಲ್ಲಿ ಮನೆ ಮಾಡಿಕೊಂಡಿದೆ!

ಹೊಸ ಅರಮನೆ 1877ರಲ್ಲಿ ಆರಂಭವಾಗಿ 1884ರಲ್ಲಿ ಮುಗಿಯಿತು. ಅಷ್ಟಕೋನದ ಗಡಿಯಾರ ಗೋಪುರ, ಗುಜರಾತ್–ರಾಜಸ್ಥಾನದ ಜೈನ, ಹಿಂದೂ ಗುಡಿಗಳಿಂದ ಎತ್ತಿಕೊಂಡ ಕಂಬ, ಚಾಚುಗಳು. ದರ್ಬಾರ್ ಹಾಲಿನ ಬಣ್ಣದ ಗಾಜಿನಲ್ಲಿ ಶಿವಾಜಿ ಮಹಾರಾಜರ ಜೀವನದ ದೃಶ್ಯಗಳು. ಮ್ಯಾಂಟ್ ಇದು ಮುಗಿದದ್ದನ್ನು ನೋಡಲಿಲ್ಲ, 1881ರಲ್ಲೇ ಸತ್ತ. ತನ್ನ ಲೆಕ್ಕ ತಪ್ಪಿ ಅರಮನೆಗಳು ಕುಸಿಯುತ್ತವೆಂಬ ಹುಚ್ಚು ಹಿಡಿದು ಸತ್ತನೆಂಬ ವದಂತಿ ಇನ್ನೂ ಓಡಾಡುತ್ತಿದೆ. ಕಟ್ಟಡಗಳಿಗೆ ಮಾತ್ರ ಆ ಸುದ್ದಿ ಮುಟ್ಟಿದಂತಿಲ್ಲ, ಗಟ್ಟಿಯಾಗಿ ನಿಂತಿವೆ.

ಇಷ್ಟೆಲ್ಲ ಕಟ್ಟಿಸಿದ ಸಂಸ್ಥಾನ ಅರಮನೆ, ಆಸ್ಪತ್ರೆ, ಸಭಾಭವನಗಳಿಗೆ ಸುರಿದ ಕಲ್ಪನೆಯನ್ನು ನ್ಯಾಯಾಲಯಕ್ಕೆ ಸುರಿಯಲಿಲ್ಲ. ರಾಧಾಬಾಯಿ ಬಿಲ್ಡಿಂಗ್ ಒಳ್ಳೆಯ ಕಲ್ಲುಕೆಲಸದ್ದೇ. ಆದರೆ ಊರಿಗೆ ಹೊಸಬರಾಗಿ ಬಂದವರು ಫೋಟೋ ತೆಗೆಯುವುದು ಪಕ್ಕದ ಟೌನ್ ಹಾಲನ್ನು. ಇದಕ್ಕೆ ಕಾರಣವಿದೆ. ಸಂಸ್ಥಾನದಲ್ಲಿ ಮಹಾರಾಜನೇ ಕೊನೆಯ ನ್ಯಾಯಾಧೀಶ, ದರ್ಬಾರ್ ಹಾಲೇ ಕೊನೆಯ ಕೋರ್ಟು. ಕೆಳಗಿನ ನ್ಯಾಯಾಧೀಶರು ಅವನ ನೌಕರರು. ಅವರಿಗೆ ಕೂರಲು ಕೊಠಡಿ ಬೇಕಿತ್ತು, ಗೋಪುರ ಬೇಕಿರಲಿಲ್ಲ. ಬ್ರಿಟಿಷ್ ಮುಂಬೈಯಲ್ಲಾದರೆ ಹೈಕೋರ್ಟು ಗವರ್ನರನ ಕಚೇರಿಗೆ ಎದೆಯೊಡ್ಡಿ ನಿಲ್ಲುವ ಸಂಸ್ಥೆ, ಅದರ ಕಟ್ಟಡವೂ ಹಾಗೇ ನಿಂತಿದೆ. ಬೆಂಗಳೂರಿನ ಅಠಾರಾ ಕಚೇರಿ ಇವೆರಡರ ನಡುವಿನದು. 1864ರಿಂದ 68ರ ನಡುವೆ ಎದ್ದ ಆ ಕೆಂಪು ಕಟ್ಟಡ ಹುಟ್ಟಿದ್ದು ಹದಿನೆಂಟು ಇಲಾಖೆಗಳಿಗಾಗಿ. ಸಚಿವಾಲಯ ವಿಧಾನಸೌಧಕ್ಕೆ ಹೋಯಿತು, ಹೈಕೋರ್ಟು ಉಳಿಯಿತು. 1980ರ ದಶಕದಲ್ಲಿ ಅದನ್ನು ಕೆಡವುವ ಮಾತು ಬಂದಾಗ ನಾಗರಿಕರು ಅದೇ ಕೋರ್ಟಿನ ಬಾಗಿಲು ತಟ್ಟಬೇಕಾಯಿತು.

ಕೊಲ್ಹಾಪುರದ ಕೊಠಡಿಗಳು ಚಿಕ್ಕವಿರಬಹುದು, ಅಲ್ಲಿ ಕೂತವರು ಚಿಕ್ಕವರಲ್ಲ. ಮಹಾದೇವ ಗೋವಿಂದ ರಾನಡೆ ಬಾಲ್ಯ ಕಳೆದದ್ದು ಕೊಲ್ಹಾಪುರದಲ್ಲಿ, ಅವರ ತಂದೆ ಸಂಸ್ಥಾನದ ಚಾಕರಿಯಲ್ಲಿದ್ದರು. ಓದು ಮುಗಿಸಿದ ರಾನಡೆ 1867–68ರ ಸುಮಾರಿಗೆ ಇಲ್ಲಿ ನ್ಯಾಯಾಧೀಶರಾಗಿ ಅಲ್ಪಕಾಲ ಕೆಲಸ ಮಾಡಿ ಎಲ್ಫಿನ್‌ಸ್ಟನ್ ಕಾಲೇಜಿಗೆ ಹೋದರು. ಮುಂದೆ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಯಾದರು. ಇನ್ನು ಕೊಲ್ಹಾಪುರದ ಹೆಸರು ದೇಶಕ್ಕೆಲ್ಲ ಕೇಳಿಸಿದ ಮೊಕದ್ದಮೆ ಕೊಲ್ಹಾಪುರದಲ್ಲಿ ನಡೆಯಲೇ ಇಲ್ಲ. ಸಂಸ್ಥಾನದ ಅಂದಿನ ಯುವ ಮಹಾರಾಜ ಶಿವಾಜಿಯವರಿಗೆ ಕಿರುಕುಳ ನಡೆದಿದೆ ಎಂದು ‘ಕೇಸರಿ’, ‘ಮರಾಠಾ’ ಪತ್ರಿಕೆಗಳು ಬರೆದವು. ಸಂಸ್ಥಾನದ ಕಾರಭಾರಿ ಮಾಧವರಾವ್ ಬರ್ವೆ ಮಾನನಷ್ಟದ ಕೇಸು ಹಾಕಿದರು. 1882ರ ಜುಲೈನಲ್ಲಿ ಮುಂಬೈಯಲ್ಲಿ ಆ ಪತ್ರಿಕೆಗಳ ಸಂಪಾದಕರಾದ ತಿಲಕ್ ಮತ್ತು ಆಗರಕರರಿಗೆ ತಲಾ ನಾಲ್ಕು ತಿಂಗಳ ಸಜೆಯಾಯಿತು. 101 ದಿನ ಡೋಂಗರಿ ಜೈಲಿನಲ್ಲಿ ಕಳೆದು ಅವರು ಹೊರಬಂದರು. ಕೊಲ್ಹಾಪುರದ ಅರಮನೆಯೊಳಗಿನ ಸಂಗತಿಗೆ ತೀರ್ಪು ಬೇಕೆಂದರೆ ಘಟ್ಟ ಇಳಿದು ಮುಂಬೈಗೇ ಹೋಗಬೇಕು ಎಂಬುದು ಅಂದೇ ಜಾಹೀರಾಯಿತು.

ಶಾಹು ಮಹಾರಾಜರ ಆಳ್ವಿಕೆ 1894ರಿಂದ 1922. 1902ರ ಮೀಸಲಾತಿ ಆದೇಶವನ್ನು ಎಲ್ಲರೂ ನೆನೆಯುತ್ತಾರೆ. ಕೋರ್ಟಿನ ಮಟ್ಟಿಗೆ ಅದಕ್ಕಿಂತ ನೇರವಾದ ಇನ್ನೊಂದು ಕೆಲಸವನ್ನು ಅವರು 1920ರ ಆಸುಪಾಸಿನಲ್ಲಿ ಮಾಡಿದರು: ಅಸ್ಪೃಶ್ಯರೆನಿಸಿಕೊಂಡ ಸಮುದಾಯಗಳ ಕೆಲವರಿಗೆ ವಕೀಲಿಯ ಸನದು ಕೊಟ್ಟರು. ಪಡಸಾಲೆಯ ಹೊರಗೆ ನಿಂತು ಕೂಗಿಗಾಗಿ ಕಾಯುತ್ತಿದ್ದ ಜನರ ನಡುವಿನಿಂದಲೇ ಕೆಲವರು ಒಳಗೆ ಹೋಗಿ ಮೇಜಿನ ಮುಂದೆ ನಿಂತರು. ಮೇಲ್ಜಾತಿಯ ವಕೀಲರು ಮೂಗು ಮುರಿದರು, ಕಲಿತದ್ದು ಸಾಲದೆಂದರು. ಕಲಿಯಲು ಬಿಡದವರೇ ಹಾಗೆಂದದ್ದು ವಿಚಿತ್ರ. ಅದೇ 1920ರ ಮಾರ್ಚಿನಲ್ಲಿ ಇಚಲಕರಂಜಿಗೆ ಹತ್ತಿರದ ಮಾಣಗಾವಿಯಲ್ಲಿ ನಡೆದ ಪರಿಷತ್ತಿನಲ್ಲಿ ಶಾಹು, ಯುವಕ ಅಂಬೇಡ್ಕರರನ್ನು ನಿಮ್ಮ ನಾಯಕ ಇವರೇ ಎಂದು ಜನರ ಮುಂದೆ ನಿಲ್ಲಿಸಿದರು. ಒಂದು ಕೋರ್ಟು ಕಟ್ಟಡದ ಗುಣವನ್ನು ಅದರ ಕಲ್ಲಿಗಿಂತ ಅದರೊಳಗೆ ಯಾರಿಗೆ ಕುರ್ಚಿ ಸಿಕ್ಕಿತು ಎಂಬುದರಿಂದ ಅಳೆಯುವುದಾದರೆ, ಕೊಲ್ಹಾಪುರದ ಕೋರ್ಟಿಗೆ ದೊಡ್ಡ ನವೀಕರಣ ನಡೆದದ್ದು ಆಗಲೇ. ಶಾಹು ಅವರ ಮಗ ರಾಜಾರಾಮ ಮಹಾರಾಜರ ಕಾಲದಲ್ಲಿ, 1930ರ ದಶಕದಲ್ಲಿ, ಸಂಸ್ಥಾನಕ್ಕೆ ಸ್ವಂತ ಹೈಕೋರ್ಟೂ ಇತ್ತು. 1949ರ ಮಾರ್ಚ್ 1ರಂದು ಕೊಲ್ಹಾಪುರ ಬಾಂಬೆ ರಾಜ್ಯದಲ್ಲಿ ವಿಲೀನವಾದಾಗ ಅದೂ ಮುಗಿಯಿತು.

ಇಚಲಕರಂಜಿಯ ಕಥೆ ಇನ್ನೊಂದು ಬಗೆಯದು. ಕೊಲ್ಹಾಪುರದ ಕೈಕೆಳಗೆ ವಿಶಾಳಗಡ, ಬಾವಡಾ, ಕಾಗಲ, ಕಾಪಶಿ, ತೊರಗಲ್ಲು ಮುಂತಾಗಿ ಒಂಬತ್ತು ಜಹಗೀರಿಗಳಿದ್ದವು. ಇಚಲಕರಂಜಿಯ ಘೋರ್ಪಡೆಯವರು ಅವುಗಳಲ್ಲಿ ತಲೆಯೆತ್ತಿ ನಡೆಯುವವರು. ಮೂಲತಃ ಜೋಶಿ ಮನೆತನ. ಮೂಲಪುರುಷ ನಾರೋ ಮಹಾದೇವ ಸೇನಾಪತಿ ಸಂತಾಜಿ ಘೋರ್ಪಡೆಯ ಆಶ್ರಯದಲ್ಲಿ ಬೆಳೆದು ಒಡೆಯನ ಅಡ್ಡಹೆಸರನ್ನೇ ಇಟ್ಟುಕೊಂಡವನು. ಪೇಶ್ವೆ ಬಾಳಾಜಿ ವಿಶ್ವನಾಥನ ಮಗಳು ಅನುಬಾಯಿ ಈ ಮನೆಯ ಸೊಸೆ. ಇಂಥ ನಂಟಿದ್ದವರು ಕೊಲ್ಹಾಪುರದ ದರ್ಬಾರಿಗೆ ಸುಲಭವಾಗಿ ತಲೆಬಾಗಿಯಾರೇ? ಜಹಗೀರದಾರನಿಗೆ ತನ್ನ ಊರುಗಳಲ್ಲಿ ದಿವಾಣಿ, ಫೌಜದಾರಿ ಎರಡೂ ಅಧಿಕಾರವಿತ್ತು. ಮರಣದಂಡನೆಯಂಥ ದೊಡ್ಡ ಶಿಕ್ಷೆಯ ಕೇಸುಗಳು ಮಾತ್ರ ಪೊಲಿಟಿಕಲ್ ಏಜೆಂಟನ ಮುಂದೆ ಹೋಗಬೇಕು. ಹೀಗೆ ಒಂದೇ ಜಿಲ್ಲೆಯಷ್ಟು ಜಾಗದಲ್ಲಿ ಜಹಗೀರದಾರನ ಕೋರ್ಟು, ಮಹಾರಾಜನ ಕೋರ್ಟು, ಬ್ರಿಟಿಷ್ ಏಜೆಂಟನ ಕೋರ್ಟು ಮೂರೂ ನಡೆಯುತ್ತಿದ್ದವು. ಅಪರಾಧಿ ಓಡಿ ಹಳ್ಳ ದಾಟಿದರೆ ಕೆಲವು ಕಡೆ ಸರಹದ್ದೇ ಬದಲಾಗುತ್ತಿತ್ತು.

1892ರಿಂದ 1943ರವರೆಗೆ ಆಳಿದ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆ ಓದಿನ, ಸಂಗೀತದ, ಉದ್ಯಮದ ಪೋಷಕ. 1904ರಲ್ಲಿ ವಿಠ್ಠಲರಾವ್ ದಾತಾರ್ ಇಲ್ಲಿ ಮೊದಲ ವಿದ್ಯುತ್ ಮಗ್ಗ ಹಾಕಿದರು. ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎಂದು ಊರು ಹೆಸರಾದದ್ದು ಅಲ್ಲಿಂದ. ಘೋರ್ಪಡೆಯವರ ರಾಜವಾಡೆ ಇಂದು ಕೋರ್ಟೂ ಅಲ್ಲ, ಮ್ಯೂಸಿಯಮ್ಮೂ ಅಲ್ಲ. 1982ರಲ್ಲಿ ಆರಂಭವಾದ ಡಿಕೆಟಿಇ ಜವಳಿ ಮತ್ತು ಎಂಜಿನಿಯರಿಂಗ್ ಕಾಲೇಜು ಅಲ್ಲಿದೆ. ಜಹಗೀರದಾರ ಫಿರ್ಯಾದಿ ಕೇಳುತ್ತಿದ್ದ ವಾಡೆಯ ಆವರಣದಲ್ಲಿ ಹುಡುಗರು ನೂಲಿನ ಎಳೆಯ ಬಲ ಅಳೆಯುವುದನ್ನು ಕಲಿಯುತ್ತಾರೆ. ಹಳೆಯ ಅರಮನೆಗೆ ಇದಕ್ಕಿಂತ ಒಳ್ಳೆಯ ಮರುಬಳಕೆ ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಇಚಲಕರಂಜಿಯಲ್ಲಿ ಸಿವಿಲ್ ಕೋರ್ಟುಗಳ ಜೊತೆ ಹೆಚ್ಚುವರಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯವೂ ಇದೆ. ರಬಕವಿ–ಬನಹಟ್ಟಿ, ಜಮಖಂಡಿ, ವಿಜಯಪುರದ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದ ಕನ್ನಡಿಗರು ಇಲ್ಲಿ ಬಹಳ. ಬಾಡಿಗೆ, ಸಾಲ, ಕೂಲಿಯ ತಕರಾರು ಹೊತ್ತು ಅವರೂ ಇದೇ ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ.

ವಿಲೀನ ಮತ್ತು ರಾಜ್ಯ ಪುನರ್ವಿಂಗಡಣೆಯ ಕತ್ತರಿ ನಕಾಶೆಯನ್ನು ಎರಡು ಸಲ ಕತ್ತರಿಸಿತು. 1949ರಲ್ಲಿ ರಾಯಬಾಗ, ಕಟಕೋಳಗಳು ಕೊಲ್ಹಾಪುರ ಬಿಟ್ಟು ಬೆಳಗಾವಿ ಜಿಲ್ಲೆ ಸೇರಿದವು. 1956ರ ನವೆಂಬರ್ 1ರಂದು ಚಂದಗಡ ತಾಲ್ಲೂಕು ಬೆಳಗಾವಿ ಬಿಟ್ಟು ಕೊಲ್ಹಾಪುರ ಸೇರಿತು. ಅಕ್ಟೋಬರ್ ತಿಂಗಳಲ್ಲಿ ಬೆಳಗಾವಿಯ ವಕೀಲರ ಮನೆಯಲ್ಲಿದ್ದ ಚಂದಗಡದ ಕಡತ ನವೆಂಬರಿನಲ್ಲಿ ಬೇರೆ ಜಿಲ್ಲೆಯದಾಯಿತು. ಗಡಿ ತಂಟೆಯ ದೊಡ್ಡ ಮೊಕದ್ದಮೆ, 2004ರಲ್ಲಿ ಮಹಾರಾಷ್ಟ್ರ ಹೂಡಿದ್ದು, ದಿಲ್ಲಿಯ ಸುಪ್ರೀಂ ಕೋರ್ಟಿನಲ್ಲಿದೆ. ಅದರ ಬಗ್ಗೆ ಎರಡೂ ಕಡೆ ಬೇಕಾದಷ್ಟು ಭಾಷಣಗಳಾಗಿವೆ, ಇಲ್ಲಿ ಇನ್ನೊಂದು ಬೇಡ. ಗಡಿಯ ಸಣ್ಣ ಮೊಕದ್ದಮೆಗಳ ಪಾಡು ನೋಡಲು ಗಡಹಿಂಗ್ಲಜದ ಕೋರ್ಟಿಗೆ ಬರಬೇಕು.

ಹಿರಣ್ಯಕೇಶಿಯ ದಂಡೆಯ ಈ ಊರಿನಿಂದ ಸಂಕೇಶ್ವರ ಹದಿನೈದು ಕಿಲೋಮೀಟರಿನ ಆಸುಪಾಸು, ಕೊಲ್ಹಾಪುರ ಎಪ್ಪತ್ತರ ಸಮೀಪ. ನೂಲ, ಹಲಕರ್ಣಿ ಕಡೆಯ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಸಂತೆಯ ಮಾತು ಎರಡೂ. ಮಹಾರಾಷ್ಟ್ರದ ಕೆಳಹಂತದ ನ್ಯಾಯಾಲಯಗಳಿಗೆ 1998ರ ಅಧಿಸೂಚನೆ ಮರಾಠಿಯನ್ನು ಭಾಷೆಯಾಗಿ ಗೊತ್ತುಮಾಡಿದೆ. ಬೆಳಿಗ್ಗೆ ಹತ್ತರ ಮೇಲೆ ಕೋರ್ಟಿನ ಅಂಗಳದಲ್ಲಿ ಸ್ಟ್ಯಾಂಪ್ ವೆಂಡರು, ಟೈಪಿಂಗಿನವರು, ನೋಟರಿಗಳು ಮೇಜು ಹರವುತ್ತಾರೆ. ಪಟ್ಟೇವಾಲಾ ಬಾಗಿಲಿಗೆ ಬಂದು ಹೆಸರು ಹಿಡಿದು ಕೂಗುತ್ತಾನೆ. ಒಳಗೆ ವಕೀಲರು ಮರಾಠಿಯಲ್ಲಿ ವಾದ ಮಾಡಿ, ಪಡಸಾಲೆಗೆ ಬಂದು ಕಕ್ಷಿದಾರನಿಗೆ ಕನ್ನಡದಲ್ಲಿ ತಿಳಿಹೇಳುತ್ತಾರೆ. “ಏನಾತ್ರಿ ವಕೀಲ್ರ?” “ಮುಂದಿನ ತಾರೀಖ ಬಿತ್ರಿ ಕಾಕಾ, ಬರೂ ತಿಂಗಳ ಬರ್ರಿ.” ಈ ಮಾತು ನಡೆಯುವ ಜಾಗ ಕೋರ್ಟ್ ಹಾಲ್ ಅಲ್ಲ, ಪಡಸಾಲೆ. ದಖನ್ನಿನ ಕೋರ್ಟು ಕಟ್ಟಡದಲ್ಲಿ ಅತಿ ಹೆಚ್ಚು ದುಡಿಯುವ ಭಾಗ ಅದೇ. ಕಕ್ಷಿದಾರ ದಿನದಲ್ಲಿ ಐದು ನಿಮಿಷ ಒಳಗಿದ್ದರೆ ಐದು ತಾಸು ಅಲ್ಲಿರುತ್ತಾನೆ. ಹಳೆಯ ಕಚೇರಿಗಳನ್ನು ಕಟ್ಟಿದವರಿಗೆ ಇದು ತಿಳಿದಿತ್ತು, ಅಗಲವಾದ ಪಡಸಾಲೆ ಬಿಟ್ಟರು. ಹೊಸ ಕಾಂಕ್ರೀಟ್ ಸಂಕುಲಗಳಲ್ಲಿ ಅದು ಕಿರಿದಾದ ಕಾರಿಡಾರ್ ಆಗಿದೆ.

ಸಾಕ್ಷಿ ಕನ್ನಡದಲ್ಲಿ ಹೇಳಿದರೆ? ಕಾನೂನು ಈ ಪ್ರಶ್ನೆಯನ್ನು ಕೈಬಿಟ್ಟಿಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯ 277ನೇ ಕಲಂ ಪ್ರಕಾರ, ಸಾಕ್ಷಿ ಬೇರೆ ಭಾಷೆಯಲ್ಲಿ ನುಡಿದರೆ ಸಾಧ್ಯವಾದಲ್ಲಿ ಅದೇ ಭಾಷೆಯಲ್ಲಿ ಬರೆದುಕೊಳ್ಳಬೇಕು, ಇಲ್ಲದಿದ್ದರೆ ಅನುವಾದ ಸಿದ್ಧಪಡಿಸಬೇಕು. ಅದರ ಬದಲಿಗೆ ಬಂದ ಹೊಸ ಸಂಹಿತೆಯೂ ಈ ಏರ್ಪಾಟನ್ನು ಉಳಿಸಿಕೊಂಡಿದೆ. ಭಾಷೆ ಸಾಲದೆಂಬಂತೆ ಲಿಪಿಯ ತೊಡಕೂ ಇದೆ. ಸಂಸ್ಥಾನ ಕಾಲದ ಸನದು, ವತನಪತ್ರಗಳು ಮೋಡಿ ಲಿಪಿಯಲ್ಲಿವೆ. ಹಳೆಯ ಇನಾಮಿನ ದಾವೆ ಎದ್ದಾಗ ಕೊಲ್ಹಾಪುರದ ಪುರಾಭಿಲೇಖಾಗಾರದಿಂದ ನಕಲು ತೆಗೆಸಿ, ಮೋಡಿ ಓದಬಲ್ಲವರನ್ನು ಹುಡುಕಿ ದೇವನಾಗರಿಗೆ ಇಳಿಸಬೇಕು. ಕನ್ನಡ ಮಾತಾಡುವ ರೈತ ತನ್ನ ಮುತ್ತಜ್ಜನ ಹೊಲದ ಕಾಗದವನ್ನು ಮೋಡಿಯಲ್ಲಿ ಪಡೆದು, ಮರಾಠಿಯಲ್ಲಿ ವಾದಿಸಿ, ಅಪೀಲು ಹೋದರೆ ಹೈಕೋರ್ಟಿನಲ್ಲಿ ಇಂಗ್ಲಿಷ್ ತೀರ್ಪು ಪಡೆಯುತ್ತಾನೆ.

ಆ ಅಪೀಲಿನ ದಾರಿಯೇ 2025ರವರೆಗೆ ದೊಡ್ಡ ಗೋಳಾಗಿತ್ತು. ಗಡಹಿಂಗ್ಲಜದಿಂದ ಮುಂಬೈ ಸುಮಾರು 450 ಕಿಲೋಮೀಟರು. ರಾತ್ರಿ ಬಸ್ಸು ಹತ್ತಿ, ಬೆಳಿಗ್ಗೆ ಮುಂಬೈಯಲ್ಲಿ ಇಳಿದು, ಲಾಡ್ಜಿನಲ್ಲಿ ಮುಖ ತೊಳೆದು, ಫುಲ್ಲರನ ಗಾಥಿಕ್ ಮೆಟ್ಟಿಲು ಹತ್ತುವ ಹೊತ್ತಿಗೆ ಕೇಸು ಬೋರ್ಡಿಗೆ ಬಂದಿಲ್ಲವೆಂದು ತಿಳಿಯುವುದು ಹೊಸದೇನಲ್ಲ. ಅದೇ ಊರಿಂದ ಧಾರವಾಡ ಸುಮಾರು 140 ಕಿಲೋಮೀಟರು. ಹಿರಣ್ಯಕೇಶಿಯ ಕೆಳದಂಡೆಯ ಸಂಕೇಶ್ವರದವರಿಗೆ 2008ರಿಂದಲೇ ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠವಿತ್ತು, 2013ರಲ್ಲಿ ಅದು ಕಾಯಂ ಆಯಿತು. ಒಂದೇ ಹೊಳೆಯ ನೀರು ಕುಡಿಯುವ ಎರಡು ಊರುಗಳಲ್ಲಿ ಒಂದಕ್ಕೆ ಹೈಕೋರ್ಟು ಬೆಳಗಿನ ಬಸ್ಸಿನ ದೂರ, ಇನ್ನೊಂದಕ್ಕೆ ರಾತ್ರಿಯಿಡೀ ಪ್ರಯಾಣ. ಕೊಲ್ಹಾಪುರದ ವಕೀಲರು ಧರಣಿ, ಕಲಾಪ ಬಹಿಷ್ಕಾರ, ಮೋರ್ಚಾಗಳಲ್ಲಿ ಈ ಹೋಲಿಕೆಯನ್ನು ಬಳಸಿಕೊಂಡಿದ್ದರೆ ತಪ್ಪೇನು?

ಕೊನೆಗೂ ಪೀಠ ಬಂದದ್ದು 1956ರ ರಾಜ್ಯ ಪುನರ್ವಿಂಗಡಣೆ ಕಾಯಿದೆಯ 51(3)ನೇ ಕಲಂ ಅಡಿ. ಚಂದಗಡವನ್ನು ಕೊಲ್ಹಾಪುರಕ್ಕೆ ಸೇರಿಸಿದ ಅದೇ ಕಾಯಿದೆ. ರಾಜ್ಯಪಾಲರ ಒಪ್ಪಿಗೆ ಪಡೆದು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಬೇರೆ ಊರಲ್ಲಿ ನ್ಯಾಯಾಧೀಶರನ್ನು ಕೂರಿಸಬಹುದೆಂದು ಅದು ಹೇಳುತ್ತದೆ. 1981ರಲ್ಲಿ ಔರಂಗಾಬಾದಿನಲ್ಲಿ ಪೀಠ ಕೂತದ್ದೂ ಇದೇ ಅಧಿಕಾರದಿಂದ. ಅದನ್ನು ಪ್ರಶ್ನಿಸಿದ ನಾರಾಯಣ ಶಾಮರಾವ್ ಪುರಾಣಿಕ್ ಪ್ರಕರಣದಲ್ಲಿ 1982ರಲ್ಲಿ ಸುಪ್ರೀಂ ಕೋರ್ಟು ಮುಖ್ಯ ನ್ಯಾಯಮೂರ್ತಿಯ ಅಧಿಕಾರವನ್ನು ಎತ್ತಿಹಿಡಿಯಿತು. ಬಾಂಬೆ ಹೈಕೋರ್ಟಿನ ಆಗಿನ ಮುಖ್ಯ ನ್ಯಾಯಮೂರ್ತಿ ಆಲೋಕ್ ಆರಾಧೆ ಹೊರಡಿಸಿದ ಅಧಿಸೂಚನೆಯಂತೆ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ, ರತ್ನಾಗಿರಿ, ಸಿಂಧುದುರ್ಗ ಜಿಲ್ಲೆಗಳ ಪ್ರಕರಣಗಳು ಇನ್ನು ಇಲ್ಲಿಗೇ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ: ಮಹಾರಾಷ್ಟ್ರದ ಗಡಿಯಂಚಿನ ಕನ್ನಡ ಸೀಮೆಯ ಬಹುಭಾಗ ಈ ಒಂದು ಪೀಠದ ವ್ಯಾಪ್ತಿಯಲ್ಲಿದೆ ಎಂಬುದನ್ನು ಎರಡೂ ರಾಜ್ಯದವರು ಅಷ್ಟಾಗಿ ಗಮನಿಸಿದಂತಿಲ್ಲ.

ಕಾಯಂ ಕಟ್ಟಡಕ್ಕೆ ಊರ ಹೊರಗಿನ ಶೆಂಡಾ ಪಾರ್ಕಿನಲ್ಲಿ 25 ಎಕರೆ ಜಾಗ ಗೊತ್ತಾಗಿದೆ. ಅಲ್ಲಿ ಎಂಥದ್ದು ಎದ್ದೀತು? ಗಾಜು ಹೊದಿಸಿ, ತುದಿಗೆ ಒಂದು ಗುಮ್ಮಟ ಇಟ್ಟು, ಪರಂಪರೆ ಉಳಿಸಿದೆವೆಂದು ಹೇಳಿಕೊಳ್ಳುವುದು ಸುಲಭ. ಕೊಲ್ಹಾಪುರದ ಬಸಾಲ್ಟು, ಅಗಲ ಪಡಸಾಲೆ, ಇಳಿಜಾರು ಮಾಡುಗಳು ಈ ಮಳೆ, ಈ ಬಿಸಿಲಿಗೆ ತಾಳಿ ತೋರಿಸಿವೆ. ನಕಾಶೆ ಬರೆಯುವವರು ಟೌನ್ ಹಾಲಿನ ಮುಖವನ್ನು ನಕಲು ಮಾಡುವುದು ಬೇಡ, ತಾಲ್ಲೂಕು ಕಚೇರಿಯ ಪಡಸಾಲೆಯನ್ನು ನಕಲು ಮಾಡಲಿ. ಸೊಲ್ಲಾಪುರದಿಂದ, ರತ್ನಾಗಿರಿಯಿಂದ ಬರುವವರಿಗೆ ಕೂರಲು ಬೆಂಚು, ಹೆಂಗಸರಿಗೆ ಶೌಚಾಲಯ, ಕುಡಿಯಲು ನೀರು, ರಾತ್ರಿ ತಂಗಲು ಕಡಿಮೆ ದರದ ಕೋಣೆ, ಕನ್ನಡ ಬಲ್ಲ ಒಬ್ಬ ಅನುವಾದಕ. ಗೋಪುರಕ್ಕೆ ಆಮೇಲೆ ಹಣ ಉಳಿದರೆ ನೋಡಬಹುದು.

ರಾಧಾಬಾಯಿ ಬಿಲ್ಡಿಂಗಿನ ಗತಿಯೇನು ಎಂಬುದೂ ಈಗಲೇ ತೀರ್ಮಾನವಾಗಬೇಕು. ಟೌನ್ ಹಾಲ್ ಮ್ಯೂಸಿಯಂ ಆಯಿತು, ಇಚಲಕರಂಜಿಯ ವಾಡೆ ಕಾಲೇಜಾಯಿತು. ಊರಿನ ನಡುಮಧ್ಯೆ, ಆಸ್ಪತ್ರೆಯ ಎದುರಿಗೆ, ಬಸ್ಸಿಳಿದು ನಡೆದು ಹೋಗಬಹುದಾದ ಜಾಗದಲ್ಲಿರುವ ಈ ಕಟ್ಟಡ ಮಾತ್ರ ಕೋರ್ಟಾಗಿಯೇ ಉಳಿಯಲಿ. ಪೀಠ ಶೆಂಡಾ ಪಾರ್ಕಿಗೆ ಹೋದ ದಿನ ಇದಕ್ಕೆ ಬೀಗ ಜಡಿಯದೆ, ಕೌಟುಂಬಿಕ ಪ್ರಕರಣಗಳಿಗೋ ಉಚಿತ ಕಾನೂನು ನೆರವಿನ ಕಚೇರಿಗೋ ಬಿಟ್ಟುಕೊಡುವುದಾಗಿ ಹೈಕೋರ್ಟು ಮತ್ತು ಲೋಕೋಪಯೋಗಿ ಇಲಾಖೆ ಇಂದೇ ಬರವಣಿಗೆಯಲ್ಲಿ ಹೇಳಲಿ. 2016ರಿಂದ 2025ರವರೆಗೆ ಒಮ್ಮೆ ಬಿಟ್ಟುಹೋಗಿ ಮತ್ತೆ ಬೇಕಾದ ಕಟ್ಟಡವಿದು.